ಸ್ವಾಪ್ ಫೈಲಿನೊಳಗಿನ ಅಘನಾಶಿನಿ

ಕುಮಟಾದ ಆ ಮುದ್ರಣಾಲಯದಲ್ಲಿ ನಾನು ಮಾಡಿದ ತಪ್ಪು ಎರಡು ನಿಮಿಷದ್ದು. ಒಂದು ಕಿಟಕಿ ತೆರೆದೆ, ಒಂದು ಅಂಕಿ ಬದಲಿಸಿದೆ, ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದೆ. ಅದರ ಫಲ ಕಾಣಿಸಿಕೊಳ್ಳಲು ಏಳು ವಾರ ಹಿಡಿಯಿತು.

ಎರಡು ಸಾವಿರದ ಇಸವಿಯ ಆಚೀಚೆ. ಹೊನ್ನಾವರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ವಾರದಲ್ಲಿ ನಾಲ್ಕು ದಿನ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಆ ಕಡೆ ಭಟ್ಕಳ, ಈ ಕಡೆ ಕುಮಟಾ ಎಂದು ತಿರುಗುತ್ತಿದ್ದೆ. ಕುಮಟಾದ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರನ್ನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು, ಕೀಲಿಮಣೆಯತ್ತ ಕಣ್ಣು ಹಾಯಿಸದೆ ಕನ್ನಡ ಹೊಡೆಯುವವರು. ಮದುವೆ ಕರೆಯೋಲೆ, ಸಹಕಾರಿ ಸಂಘದ ವರದಿ, ಎಲ್ಲ ಅವರ ಕೈಯಿಂದಲೇ ಹೋಗುತ್ತಿತ್ತು.

ಆ ವರ್ಷ ಅಕ್ಕನ ಪಕ್ಕದಲ್ಲಿ ಇಬ್ಬರು ಬಂದು ಕೂರತೊಡಗಿದರು. ಒಬ್ಬರು ನಿವೃತ್ತ ಮಾಸ್ತರರು. ಕಣ್ಣು ಮಂಜಾಗಿ ಓದಲೂ ಆಗುತ್ತಿರಲಿಲ್ಲ, ಬರೆಯಲೂ ಆಗುತ್ತಿರಲಿಲ್ಲ. ಇನ್ನೊಬ್ಬರು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸು. ನಾವು ಅವರನ್ನು ಬಳಚಿನಮ್ಮ ಎನ್ನುತ್ತಿದ್ದೆವು. ನೀರು ಸರಿಯಾಗಿ ಇಳಿಯದ, ಕೆಸರಿಗಿಳಿದು ಪ್ರಯೋಜನವಿಲ್ಲದ ದಿನಗಳಲ್ಲಿ ಅವರು ಬೆಳಿಗ್ಗೆಯೇ ಕುಮಟಾಕ್ಕೆ ಬಂದುಬಿಡುತ್ತಿದ್ದರು. ಮಾಸ್ತರರಿಗೆ ಅಳಿವೆಯ ಮಾತುಗಳ ಒಂದು ಪದಕೋಶ ತರುವ ಆಸೆ. ಕೆಸರಿನ ಬಗೆಗಳು, ಚಿಪ್ಪಿನ ಬಗೆಗಳು, ನೀರಿನ ಏರಿಳಿತ, ಇವುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಎಂದು ಅವರ ಕೊರಗು. ಮಾಸ್ತರರು ಕೇಳುವುದು, ಬಳಚಿನಮ್ಮ ಹೇಳುವುದು, ಮಾಸ್ತರರು ಅದನ್ನು ಒಂದು ವಾಕ್ಯಕ್ಕೆ ತರುವುದು, ಅಕ್ಕ ನೇರವಾಗಿ ಪುಟದ ಮೇಲೆ ಹೊಡೆಯುವುದು. ಹಸ್ತಪ್ರತಿ ಎಂಬುದೇ ಇರಲಿಲ್ಲ. ಓದಲಾಗದ ಮಾಸ್ತರರಿಗೆ ಕರಡಚ್ಚಿನಿಂದ ಉಪಯೋಗವಿರಲಿಲ್ಲ. ಅಕ್ಕ ಪರದೆಯಿಂದ ಓದಿ ಹೇಳುತ್ತಿದ್ದರು, ಅವರು ಬಾಯಲ್ಲೇ ತಿದ್ದುತ್ತಿದ್ದರು.

ಮೊದಮೊದಲು ಬಳಚಿನಮ್ಮನ ಜೊತೆ ಅವರ ಒಡಹುಟ್ಟಿದ ಅಕ್ಕನೂ ನಾಲ್ಕು ದಿನ ಬಂದಿದ್ದರು. ನೀರಿನ ಭಾಗವೆಲ್ಲ ಅವರು ಹೇಳಿದ್ದು. ನಾಲ್ಕನೆಯ ವಾರ ಅವರು ಜ್ವರ ಬಂದು ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಬಳಚಿನಮ್ಮ ಒಬ್ಬರೇ ಬಂದು ಅದೇ ಬೆಂಚಿನ ಮೇಲೆ ಕೂತು, “ಬರ್ಕಳಿ, ಚಿಪ್ಪಿಂದು ಬಾಕಿ ಅದೆ” ಎಂದರಂತೆ.

ಈಗ ನನ್ನ ಎರಡು ನಿಮಿಷದ ವಿಷಯ. ಕೆಲಸ ಸುರುವಾದ ಕೆಲವೇ ದಿನಗಳಲ್ಲಿ ಅಕ್ಕ ಚಿಪ್ಪುಗಳ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಪುಟಕ್ಕೆ ಹಾಕತೊಡಗಿದರು. ಕಂಪ್ಯೂಟರು ‘ಮೆಮೊರಿ ಸಾಲದು’ ಎಂದು ಹಟ ಹಿಡಿಯಿತು. ಅದರಲ್ಲಿ ಇದ್ದದ್ದು ಮೂವತ್ತೆರಡು ಎಂಬಿ ರ‍್ಯಾಮ್. ಸರಿಯಾದ ಪರಿಹಾರವೆಂದರೆ ಇನ್ನೊಂದು ರ‍್ಯಾಮ್ ಪಟ್ಟಿ ಸಿಕ್ಕಿಸುವುದು. ಅದನ್ನು ಹುಬ್ಬಳ್ಳಿಯಿಂದ ತರಿಸಬೇಕು, ಒಂದು ವಾರ ಹಿಡಿಯುತ್ತದೆ. ಮಾಸ್ತರರು, “ಒಂದು ವಾರ ನಿಲ್ಸೂದು ಬೇಡ ತಮ್ಮಾ, ಬಳಚಿನಮ್ಮನವರಿಗೆ ಬರೂಕೆ ಪುರುಸೊತ್ತು ಇರೂದೇ ಈಗ” ಎಂದರು.

ಆಗ ನಾನು ಜಾಣತನ ತೋರಿಸಿದೆ. ಕೆಲಸ ನಡೆಯುವಾಗ ಕಂಪ್ಯೂಟರು ಎಲ್ಲವನ್ನೂ ಇಟ್ಟುಕೊಳ್ಳುವುದು ರ‍್ಯಾಮಿನಲ್ಲಿ. ಅಲ್ಲಿ ಜಾಗ ಮುಗಿದರೆ, ಸದ್ಯ ಕೈಯಲ್ಲಿಲ್ಲದ ತುಂಡುಗಳನ್ನು ಹಾರ್ಡ್ ಡಿಸ್ಕಿನ ಒಂದು ದೊಡ್ಡ ಫೈಲಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತದೆ. ಆ ಫೈಲಿಗೆ ಸ್ವಾಪ್ ಫೈಲು ಎಂದು ಹೆಸರು, ಈ ಏರ್ಪಾಟಿಗೆ ವರ್ಚುವಲ್ ಮೆಮೊರಿ. ನಾನು ಆ ಫೈಲು ಕನಿಷ್ಠ ಇಷ್ಟಿರಲಿ ಎಂದು ದೊಡ್ಡ ಅಂಕಿ ಕೊಟ್ಟೆ, ಗರಿಷ್ಠಕ್ಕೆ ಮಿತಿ ಇಡಲಿಲ್ಲ. “ರ‍್ಯಾಮ್ ಬೇಡವೇ ಬೇಡ. ಇದೂ ಮೆಮೊರಿಯೇ” ಎಂದೆ. ಮುದ್ರಣಾಲಯದ ಮಾಲಕರು ನನ್ನ ಬೆನ್ನು ತಟ್ಟಿದರು.

ಕೆಲಸ ನಡೆಯಿತು, ನಿಧಾನವಾಗಿ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವಷ್ಟರಲ್ಲಿ ಬಳಚಿನಮ್ಮ ಒಂದು ಎಲೆ ಅಡಿಕೆ ಮುಗಿಸುತ್ತಿದ್ದರು ಎಂದು ಅಕ್ಕ ನಗುತ್ತಿದ್ದರು. ಆ ನಗುವಿನಲ್ಲಿದ್ದ ದೂರು ನನಗೆ ಕೇಳಿಸಲಿಲ್ಲ. ಇನ್ನೊಂದನ್ನೂ ನಾನು ಗಮನಿಸಲಿಲ್ಲ. ಚಿತ್ರಗಳು ಸೇರಿ ಕಡತ ದೊಡ್ಡದಾಗಿ ಫ್ಲಾಪಿಯಲ್ಲಿ ಹಿಡಿಸದೆ, ಅಕ್ಕ ನಕಲು ತೆಗೆದಿಡುವುದನ್ನೇ ನಿಲ್ಲಿಸಿದ್ದರು. ಫ್ಲಾಪಿಯಲ್ಲಿ ಇದ್ದದ್ದು ಮುನ್ನುಡಿ ಮತ್ತು ಮೊದಲ ಕೆಲವು ಪುಟಗಳು ಮಾತ್ರ.

ಆ ಗುರುವಾರ ನಾನು ಶಿರಾಲಿಯ ಅಕ್ಕಿ ಗಿರಣಿಯ ಕಚೇರಿಯಲ್ಲಿ ಪ್ರಿಂಟರು ಬಿಚ್ಚಿ ಕೂತಿದ್ದೆ. ಗಿರಣಿಯವರು ಫೋನ್ ಎತ್ತಿ, “ಕುಮಟಾದಿಂದ, ನಿಮಗೇ” ಎಂದರು. ಅಕ್ಕನ ಧ್ವನಿ. ಹಿಂದೆ ಯುಪಿಎಸ್ ಕುಂಯ್ ಕುಂಯ್ ಎನ್ನುವುದು ಕೇಳಿಸುತ್ತಿತ್ತು.

“ಮಾರಾಯ್ರೆ, ಸೇವ್ ಕೊಟ್ಟೆ. ಡಿಸ್ಕ್ ತುಂಬಿದೆ ಅಂತ ಬಂತು. ಅರ್ಧಕ್ಕೆ ನಿಂತಿದೆ. ಮೌಸು ಅಲ್ಲಾಡೂದಿಲ್ಲ. ಈಗ ಕರೆಂಟೂ ಹೋಯ್ತು.”

“ಯುಪಿಎಸ್ ಎಷ್ಟು ಹೊತ್ತು ಬರ್ತದೆ?”

“ಬ್ಯಾಟರಿ ಹಳೇದು. ಹತ್ತು ನಿಮಿಷ ಬಂದ್ರೆ ಪುಣ್ಯ. ಆರಿಸಿ ಪುನಃ ಹಾಕಲೋ?”

ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಡಿಸ್ಕು ತುಂಬಲು ಕಾರಣ ನನಗೆ ಆ ಕ್ಷಣವೇ ತಿಳಿಯಿತು. ನಾನು ಮಿತಿಯಿಲ್ಲದೆ ಬಿಟ್ಟ ಸ್ವಾಪ್ ಫೈಲು ಬೆಳೆದು ಬೆಳೆದು ಉಳಿದ ಜಾಗವನ್ನೆಲ್ಲ ನುಂಗಿತ್ತು. ಹಳೆಯ ಕಡತದ ಮೇಲೆ ಹೊಸದನ್ನು ಬರೆಯಹೊರಟ ತಂತ್ರಾಂಶ ನಡುವೆ ನಿಂತಿತ್ತು. ಹಳೆಯದು ಅಳಿಸಿಹೋಗಿದೆ, ಹೊಸದು ಪೂರ್ತಿಯಾಗಿಲ್ಲ. ಪುಸ್ತಕ ಈಗ ಎರಡು ಕಡೆ ಚೂರುಚೂರಾಗಿ ಉಳಿದಿದೆ. ಒಂದಿಷ್ಟು ರ‍್ಯಾಮಿನಲ್ಲಿ, ಒಂದಿಷ್ಟು ಸ್ವಾಪ್ ಫೈಲಿನಲ್ಲಿ. ಯುಪಿಎಸ್ ಸತ್ತೊಡನೆ ರ‍್ಯಾಮಿನಲ್ಲಿರುವುದು ಹೋಗುತ್ತದೆ, ಅದನ್ನು ಹಿಡಿದಿಡಲು ವಿದ್ಯುತ್ತು ಬೇಕೇ ಬೇಕು. ಡಿಸ್ಕಿನಲ್ಲಿರುವುದು ಉಳಿಯುತ್ತದೆ. ಆದರೆ ಯಂತ್ರ ಮತ್ತೆ ಹೊತ್ತಿಸಿದರೆ ವಿಂಡೋಸ್ ಅದೇ ಸ್ವಾಪ್ ಫೈಲಿನ ಮೊದಲಿನಿಂದ ಹೊಸದನ್ನು ಬರೆಯಲು ಸುರುಮಾಡುತ್ತದೆ. ಆಮೇಲೆ ಅದೂ ಇಲ್ಲ.

“ಅಕ್ಕ, ಏನೂ ಒತ್ತಬೇಡಿ. ಪರದೆ ಮೇಲೆ ಈಗ ಯಾವ ಪುಟ ಕಾಣ್ತಿದೆಯೋ ಅದನ್ನು ಕಾಗದಕ್ಕೆ ಬರ್ಕೊಳ್ಳಿ. ಯುಪಿಎಸ್ ತಾನಾಗಿ ಸಾಯಲಿ. ಸತ್ತ ಮೇಲೆ ಯಾರು ಹೇಳಿದ್ರೂ ಪುನಃ ಹಾಕಬೇಡಿ. ನಾನು ಬರ್ತಿದ್ದೇನೆ.”

“ಮಾಲಕರು ಕೇಳಿದ್ರೆ?”

“ಮಾಲಕರು ಹೇಳಿದ್ರೂ ಬೇಡ.”

ಬಿಚ್ಚಿದ ಪ್ರಿಂಟರನ್ನು ಮೇಜಿನ ಮೇಲೆ ಹಾಗೇ ಬಿಟ್ಟು ರಸ್ತೆಗೆ ಓಡಿದೆ. ಗಿರಣಿಯವರು ಹಿಂದಿನಿಂದ ಏನೋ ಕೂಗಿದರು. ಮೊದಲ ಬಸ್ಸು ನಿಲ್ಲಿಸಲಿಲ್ಲ. ಎರಡನೆಯದರಲ್ಲಿ ನಿಂತುಕೊಂಡೇ ಹೋದೆ. ಹೊನ್ನಾವರದಲ್ಲಿ ಬಸ್ಸು ಬದಲಿಸಬೇಕಿತ್ತು. ಅದಕ್ಕೆ ಮೊದಲೇ ಶರಾವತಿ ಸೇತುವೆಯ ಮೇಲೆ ಎದುರಿನಿಂದ ಬಂದ ಲಾರಿಗಳ ಸಾಲಿಗೆ ಬಸ್ಸು ನಿಂತಾಗ ಇಳಿದು ನಡೆದುಬಿಡೋಣ ಎನ್ನಿಸಿತು. ಅಕ್ಕ ಯಂತ್ರ ಹೊತ್ತಿಸಿರಬಹುದು. ಹೊತ್ತಿಸದಿದ್ದರೂ ಯಾರೋ ಬಂದು ಗುಂಡಿ ಒತ್ತಿರಬಹುದು. ಮತ್ತೆ ಮತ್ತೆ ಇದೇ ಯೋಚನೆ. ಪಕ್ಕದಲ್ಲಿ ಕೂತಿದ್ದವರು, “ಮನೇಲಿ ಎಂತಾದ್ರೂ ಆತಾ?” ಎಂದು ಕೇಳಿದರು. ಇಲ್ಲ ಎಂದೆ.

ಕುಮಟಾ ಮುಟ್ಟುವಾಗ ಎರಡು ಗಂಟೆ. ಮುದ್ರಣಾಲಯದಲ್ಲಿ ಕರೆಂಟು ಬಂದಿತ್ತು, ಫ್ಯಾನು ತಿರುಗುತ್ತಿತ್ತು. ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಅಕ್ಕ ಕುರ್ಚಿಯಲ್ಲಿ ತೊಡೆಯ ಮೇಲೆ ತಮ್ಮ ಕೈಚೀಲ ಹಿಡಿದು ಕೂತಿದ್ದರು. ಮಾಲಕರು ಎದುರು ನಿಂತಿದ್ದರು.

“ಬಂದ್ಯಾ? ಇವರಿಗೆ ಹೇಳು. ಮೂರು ಮದುವೆ ಕಾಗದ ಇವತ್ತು ಹೋಗ್ಬೇಕು. ಯಂತ್ರ ಹಾಕೂಕೇ ಬಿಡೂದಿಲ್ಲ ಇವರು!”

“ಹಾಕಿಲ್ಲ ತಾನೆ?”

ಅಕ್ಕ ಚೀಲದ ಬಾಯಿ ತೆರೆದು ತೋರಿಸಿದರು. ಕಂಪ್ಯೂಟರಿನ ವಿದ್ಯುತ್ ವಯರು ಮಡಚಿ ಊಟದ ಡಬ್ಬಿಯ ಪಕ್ಕದಲ್ಲಿತ್ತು. “ನೀವು ಬರುವ ತನಕ ಕೊಡೂದಿಲ್ಲ ಅಂತ ಹೇಳಿದೆ” ಎಂದರು. ಅವರ ಎದುರಿನ ಮೇಜಿನ ಮೇಲೆ ಹಾಳಾದ ಕರೆಯೋಲೆಯ ಬೆನ್ನಿಗೆ ಪೆನ್ನಿನಲ್ಲಿ ಬರೆದ ಒಂದು ಪುಟ. ಕೊನೆಯ ವಾಕ್ಯ ಅರ್ಧಕ್ಕೆ ನಿಂತಿತ್ತು.

ಗೋಡೆಯ ಬೆಂಚಿನ ಮೇಲೆ ಮಾಸ್ತರರೂ ಬಳಚಿನಮ್ಮನೂ ಕೂತಿದ್ದರು. ಬೆಳಗ್ಗಿನಿಂದ ಅಲ್ಲೇ ಇದ್ದರಂತೆ.

“ಎಂತ ಆತು ತಮ್ಮಾ?” ಬಳಚಿನಮ್ಮ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾಲಕರು ಹೇಳಿದರು. “ಎಂತ ಆಗೂದು? ಕರೆಂಟು. ಈ ಕರೆಂಟಿನ ದೆಸೆಯಿಂದ ನಮಗೆ ಉಳಿಗಾಲ ಇಲ್ಲ.”

ಮಾಸ್ತರರು ತಲೆಯಾಡಿಸಿದರು. ನಾನು ಬಗ್ಗಿ ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚತೊಡಗಿದೆ. ಅಲ್ಲಿ ಹೇಳಬೇಕಾಗಿದ್ದ ಮಾತನ್ನು ಹೇಳಲಿಲ್ಲ. “ಒಂದಷ್ಟು ಸಿಗಬಹುದು” ಎಂದಷ್ಟೇ ಹೇಳಿದೆ. ಹಾರ್ಡ್ ಡಿಸ್ಕನ್ನು ಟವಲಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಮದುವೆ ಕಾಗದಗಳಿಗಾಗಿ ಮಾಲಕರಿಗೆ ನನ್ನ ಚೀಲದಲ್ಲಿದ್ದ ಇನ್ನೊಂದು ಹಳೆಯ ಡಿಸ್ಕು ಹಾಕಿಕೊಟ್ಟು, ಹೊನ್ನಾವರದ ಬಸ್ಸು ಹತ್ತಿದೆ. ರಸ್ತೆಯ ಹೊಂಡ ಬಂದಾಗಲೆಲ್ಲ ಪೊಟ್ಟಣವನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದೆ.

ಅಂಗಡಿಯಲ್ಲಿ ಅದನ್ನು ನನ್ನ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಿದೆ. ಹೀಗೆ ಮಾಡಿದರೆ ನನ್ನ ವಿಂಡೋಸ್ ನನ್ನ ಡಿಸ್ಕಿನ ಸ್ವಾಪ್ ಫೈಲನ್ನೇ ಬಳಸುತ್ತದೆ, ಕುಮಟಾದ್ದನ್ನು ಮುಟ್ಟುವುದಿಲ್ಲ. ಮೊದಲು ಅದರ ಸ್ವಾಪ್ ಫೈಲಿನ ಒಂದು ನಕಲು ಮಾಡಿದೆ. ಪುಸ್ತಕದ ಕಡತ ತೆರೆಯಲು ನೋಡಿದೆ. ತೆರೆಯಲಿಲ್ಲ. ತಾತ್ಕಾಲಿಕ ಫೈಲುಗಳನ್ನು ಹುಡುಕಿದೆ. ಎರಡು ಸಿಕ್ಕವು, ಎರಡರಲ್ಲೂ ಬರೀ ಚಿತ್ರಗಳು. ಇನ್ನು ಉಳಿದದ್ದು ಸ್ವಾಪ್ ಫೈಲೊಂದೇ.

ಫೈಲಿನ ಒಳಗಿರುವುದನ್ನು ಅಕ್ಷರ ಅಕ್ಷರವಾಗಿ ತೋರಿಸುವ ಒಂದು ಸಣ್ಣ ತಂತ್ರಾಂಶ ನನ್ನ ಹತ್ತಿರ ಇತ್ತು. ಅದರ ಗುಣವೆಂದರೆ ಇಡೀ ಫೈಲನ್ನು ಒಮ್ಮೆಲೇ ಮೆಮೊರಿಗೆ ಎಳೆದುಕೊಳ್ಳುವುದು. ನನ್ನ ಯಂತ್ರದಲ್ಲೂ ಇದ್ದದ್ದು ಮೂವತ್ತೆರಡೇ ಎಂಬಿ. ಫೈಲು ಅದರ ಸುಮಾರು ಹತ್ತು ಪಟ್ಟು. ಡಿಸ್ಕಿನ ಕೆಂಪು ದೀಪ ಹೊತ್ತಿತು, ಮತ್ತೆ ಆರಲಿಲ್ಲ. ಒಳಗಿನಿಂದ ಕರಕರ ಶಬ್ದ. ಕುಮಟಾದ ಡಿಸ್ಕಿನಿಂದ ಓದಿದ್ದನ್ನು ನನ್ನ ರ‍್ಯಾಮಿಗೆ ತಂದು, ಅಲ್ಲಿ ಜಾಗವಿಲ್ಲದೆ ನನ್ನದೇ ಡಿಸ್ಕಿನ ಸ್ವಾಪ್ ಫೈಲಿಗೆ ಬರೆದು, ನಾನು ಒಂದು ಸಾಲು ಕೆಳಗಿಳಿದರೆ ಅದನ್ನು ಮತ್ತೆ ಅಲ್ಲಿಂದ ತರುತ್ತಿತ್ತು. ರ‍್ಯಾಮಿನಲ್ಲಿ ಅಲುಗಾಡುವ ಭಾಗವೇ ಇಲ್ಲ, ಕೇಳಿದ್ದು ಕೇಳಿದ ಕೂಡಲೇ ಬರುತ್ತದೆ. ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಓದುವ ಸೂಜಿ ಆ ಜಾಗಕ್ಕೆ ಸರಿಯಬೇಕು, ಬೇಕಾದ ತಾಣ ಅದರ ಕೆಳಗೆ ಬರುವವರೆಗೆ ಕಾಯಬೇಕು. ಒಂದು ಸಲಕ್ಕೆ ಅದು ಏನೂ ಅಲ್ಲ. ಸಾವಿರ ಸಾವಿರ ಸಲ ಹೀಗೆಯೇ ಆದರೆ ಯಂತ್ರ ಕೆಲಸ ಬಿಟ್ಟು ಸಾಗಣೆಯಲ್ಲೇ ಮುಳುಗುತ್ತದೆ. ಇದೂ ಮೆಮೊರಿಯೇ ಎಂದು ಹೇಳಿದ ಮನುಷ್ಯ ಸಂಜೆ ಆರರವರೆಗೆ ಆ ಕೆಂಪು ದೀಪ ನೋಡುತ್ತ, ಎದ್ದು ಕೂತು, ಚಹಾ ತರಿಸಿ ಕುಡಿಯದೆ ಬಿಟ್ಟು, ಮೂರು ಪರದೆಯಷ್ಟು ಮಾತ್ರ ಕೆಳಗೆ ಇಳಿದ.

ಕಂಡದ್ದೂ ಅರ್ಥವಾಗಲಿಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದೆ ನೋಡಿದರೆ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ವಿಚಿತ್ರ ಅಕ್ಷರಗಳ ಸಾಲು. ಅದು ಕನ್ನಡವೋ ಕಸವೋ ನನಗೆ ತಿಳಿಯದು. ಅಕ್ಕನ ಮನೆಯ ಪಕ್ಕದವರಿಗೆ ಫೋನ್ ಮಾಡಿ ಕರೆಸಿ ಕೇಳಿದೆ.

“ಅದಾ? ಫಾಂಟು ಕೈಕೊಟ್ಟಾಗೆಲ್ಲ ಅದೇ ತಾನೆ ಕಾಣೂದು” ಎಂದರು. “ನಾನು ಓದ್ತೇನೆ ಅದನ್ನು.”

ಬೇಕಾದದ್ದು ಇನ್ನು ಒಂದೇ, ನಿಜವಾದ ರ‍್ಯಾಮ್ ಇರುವ ಯಂತ್ರ. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಭಟ್ಕಳದ ಪೇಟೆಯಲ್ಲಿ ದುಬೈಯಿಂದ ಮರಳಿದ ಒಬ್ಬರು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ ಇಟ್ಟಿದ್ದರು. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸಲು ಒಳಕೋಣೆಯಲ್ಲಿ ಇನ್ನೂರೈವತ್ತಾರು ಎಂಬಿಯ ಯಂತ್ರವೊಂದನ್ನು ಅವರು ತರಿಸಿದ್ದರು. ಈ ಮೂರು ಊರುಗಳಲ್ಲಿ ಅಂಥದ್ದು ಇನ್ನೊಂದನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಕುಮಟಾದಿಂದ ಬಂದ ಬಸ್ಸಿಗೆ ನಾನು ಹೊನ್ನಾವರದಲ್ಲಿ ಹತ್ತಿದೆ. ದಾರಿಯಲ್ಲಿ ಅವರು ಒಂದು ಕಾಗದ ಕೊಟ್ಟರು. ಅದರ ಮೇಲೆ ಆರು ಚಿಹ್ನೆಗಳು. “ಪುಸ್ತಕದಲ್ಲಿ ಪ್ರತಿ ಶಬ್ದದ ಕೆಳಗೆ ‘ಬಳಕೆ’ ಅಂತ ಹಾಕಿ ಒಂದು ವಾಕ್ಯ ಕೊಟ್ಟಿದ್ದೇವೆ. ಆ ‘ಬಳಕೆ’ ಫಾಂಟು ಇಲ್ಲದೆ ಹೀಗೆ ಕಾಣ್ತದೆ. ಇದನ್ನೇ ಹುಡುಕಿದ್ರೆ ಆಗೂದಿಲ್ವಾ?”

ನಾನು ಆ ಉಪಾಯವನ್ನು ಯೋಚಿಸಿಯೇ ಇರಲಿಲ್ಲ.

ಭಟ್ಕಳದ ಸಾಹೇಬರು ನನ್ನ ಮಾತು ಪೂರ್ತಿ ಕೇಳಿದರು. “ಇವತ್ತು ಶುಕ್ರವಾರ, ಭಾಯಿ. ಹನ್ನೆರಡಕ್ಕೆ ನಾನು ಬಾಗಿಲು ಹಾಕಿ ಜುಮ್ಮಾಕ್ಕೆ ಹೋಗ್ಬೇಕು. ಮಧ್ಯಾಹ್ನ ಮೇಲೆ ಮದುವೆ ಕ್ಯಾಸೆಟ್ ಕೆಲಸ ಉಂಟು. ಅಷ್ಟರೊಳಗೆ ಆಗ್ತದಾ?”

“ನೋಡ್ತೇನೆ ಸಾಹೇಬ್ರೆ.”

“ಏನುಂಟು ಅದರಲ್ಲಿ ಅಷ್ಟು?”

“ಬಳಚಿನ ಹೆಸರು” ಎಂದರು ಅಕ್ಕ. “ಕೆಸರಿನ ಹೆಸರು, ನೀರಿನ ಹೆಸರು.”

ಅವರು ಅಕ್ಕನ ಮುಖ ನೋಡಿದರು. ಒಳಕೋಣೆಯ ದೀಪ ಹಾಕಿಕೊಟ್ಟರು.

ತಂದಿದ್ದ ಕುಮಟಾದ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಿ, ಫೈಲನ್ನು ಎರಡು ಭಾಗ ಮಾಡಿ ತೆರೆದೆ. ಒಂದೊಂದು ಭಾಗವೂ ಪೂರ್ತಿ ರ‍್ಯಾಮಿನಲ್ಲಿ ಕೂತಿತು. ಡಿಸ್ಕಿನ ದೀಪ ಒಮ್ಮೆ ಮಿನುಗಿ ಆರಿತು. ಬಾಣದ ಗುಂಡಿ ಒತ್ತಿದರೆ ಸಾಲುಗಳು ನೀರಿನಂತೆ ಹರಿದವು. ಹಿಂದಿನ ಸಂಜೆಯೆಲ್ಲ ನಾನು ನೋಡಿದ್ದು ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಹೋಯಿತು.

ಆರು ಚಿಹ್ನೆ ಹಾಕಿ ಹುಡುಕಿದೆವು. ಏನೂ ಇಲ್ಲ. ಇನ್ನೊಂದು ಭಾಗದಲ್ಲಿ ಹುಡುಕಿದೆವು. ಇಲ್ಲ. ಗಂಟೆ ಹತ್ತೂವರೆ. ಅಕ್ಕ ಪರದೆಗೆ ಮುಖ ತಾಗಿಸಿದಷ್ಟು ಹತ್ತಿರ ಬಂದು ನೋಡಿದರು. “ಇಲ್ಲಿ ನೋಡಿ, ‘ಳ’ಕ್ಕೆ ಬರುವ ಚಿಹ್ನೆ ಇದರಲ್ಲಿ ಬರೀ ಚುಕ್ಕೆ ಆಗಿ ಕಾಣ್ತದೆ. ಅದಕ್ಕೇ ಹೊಂದೂದಿಲ್ಲ. ಅದನ್ನು ಬಿಟ್ಟು ಹಿಂದಿನ ಮೂರು ಹಾಕಿ.”

ಹಾಕಿದೆ. ಸಿಕ್ಕಿತು. ಅಕ್ಕ ಓದಿದರು, “ಗೊಬ್ಬರದ ಬಳಕೆಯಲ್ಲಿ ಹೆಚ್ಚಳ... ಅಯ್ಯೋ, ಇದು ಸಂಘದ ವರದಿ ಮಾರಾಯ್ರೆ!” ಇಬ್ಬರಿಗೂ ನಗು ಬಂತು. ಎರಡನೆಯದೂ ಅದೇ ವರದಿ. ಮೂರನೆಯದಕ್ಕೆ ಅಕ್ಕ ಮಾತು ನಿಲ್ಲಿಸಿ ಬೆರಳಿಟ್ಟರು.

“ಹುಸಿನೆಲ. ಮೇಲೆ ಒಣಗಿದಂತೆ ಕಂಡು, ಕಾಲಿಟ್ಟರೆ ಒಳಗೆಳೆಯುವ ಕೆಸರು. ಬಳಕೆ... ಇಲ್ಲಿಗೆ ತುಂಡಾಗಿದೆ.”

ಕಂಪ್ಯೂಟರು ಮೆಮೊರಿಯನ್ನು ಸ್ವಾಪ್ ಫೈಲಿಗೆ ಸಾಗಿಸುವುದು ಒಂದೇ ಅಳತೆಯ ತುಂಡುಗಳಾಗಿ, ಒಂದೊಂದಕ್ಕೆ ನಾಲ್ಕು ಸಾವಿರ ಚಿಲ್ಲರೆ ಅಕ್ಷರ. ವಾಕ್ಯ ನಡುವೆ ಕತ್ತರಿಸಿದರೂ ಅದಕ್ಕೆ ಲೆಕ್ಕವಿಲ್ಲ. ಮುಂದಿನ ತುಂಡು ಎಲ್ಲಿಯೋ ಇರುತ್ತದೆ, ಕೆಲವೊಮ್ಮೆ ಎರಡು ಪ್ರತಿ ಇರುತ್ತದೆ, ಒಂದು ಹಳೆಯದು, ಇನ್ನೊಂದು ತಿದ್ದಿದ್ದು. ನಮ್ಮ ಕ್ರಮ ಹೀಗಿತ್ತು. ನಾನು ಹುಡುಕುವುದು, ಅಕ್ಕ ಎರಡು ಸಾಲು ಓದಿ “ಬೇಕು” ಅಥವಾ “ಬೇಡ” ಎನ್ನುವುದು, ಬೇಕೆಂದದ್ದನ್ನು ನಾನು ಕತ್ತರಿಸಿ ಅಂಕಿ ಕೊಟ್ಟು ಬೇರೆ ಫೈಲಿನಲ್ಲಿ ಇಡುವುದು. ಹನ್ನೊಂದೂವರೆಯಾದರೂ ಮೊದಲ ಭಾಗವೇ ಮುಗಿದಿರಲಿಲ್ಲ.

ಸಾಹೇಬರು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಅಕ್ಕ ಆಗ ಒಂದು ತುಂಡು ಓದುತ್ತಿದ್ದರು. “ಮರುಳುನೀರು. ಇಳಿತ ಮುಗಿಯಿತು ಅನ್ನಿಸುವಂತೆ ನಿಂತು, ಆಮೇಲೆ ಮತ್ತೊಂದು ಗೇಣು ಇಳಿಯುವ ನೀರು. ಬಳಕೆ: ಇದು ಮರುಳುನೀರು, ತಡಿ, ಇನ್ನೂ ಇಳೀತದೆ.” “ಇದು ತೀರಿಹೋದವರು ಹೇಳಿದ್ದು” ಎಂದರು.

ಸಾಹೇಬರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಗಡಿಯಾರ ನೋಡಿದರು. “ನೀವು ಕೂತ್ಕೊಳ್ಳಿ. ಶಟರ್ ಅರ್ಧ ಎಳೆದು ಹೋಗ್ತೇನೆ. ಕ್ಯಾಸೆಟ್ ಕೆಲಸ ನಾಳೆ ಮಾಡುವಾ” ಎಂದು ಹೋದರು. ನಮಾಜು ಮುಗಿಸಿ ಬರುವಾಗ ಕೈಯಲ್ಲಿ ನಮ್ಮಿಬ್ಬರಿಗೆ ಊಟದ ಪೊಟ್ಟಣವೂ ಇತ್ತು.

ನಾಲ್ಕು ಗಂಟೆಗೆ ಎರಡೂ ಭಾಗ ಮುಗಿಯಿತು. ತುಂಡುಗಳನ್ನೆಲ್ಲ ಏಳು ಫ್ಲಾಪಿಗಳಿಗೆ, ಪ್ರತಿಯೊಂದಕ್ಕೂ ಎರಡು ನಕಲಿನಂತೆ ತುಂಬಿಕೊಂಡು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಒರಗಿ ನಿದ್ದೆ ಹೋದರು. ನನಗೆ ಕೂರಲಾಗುತ್ತಿರಲಿಲ್ಲ. ಸಿಕ್ಕಿತು ಎಂಬ ಸಂತೋಷ ಹೊನ್ನಾವರ ಬರುವ ಮೊದಲೇ ಇಳಿದುಹೋಗಿತ್ತು. ಎಲ್ಲರೂ ಕರೆಂಟನ್ನು ಬೈಯುತ್ತಿದ್ದಾರೆ. ಇನ್ನು ನಾಲ್ಕು ದಿನ ಹೋದರೆ ನನ್ನನ್ನು ಹೊಗಳುತ್ತಾರೆ. ಹಾಗೇ ಬಿಟ್ಟರೆ ನನ್ನನ್ನು ಕೇಳುವವರು ಯಾರೂ ಇಲ್ಲ.

ಶನಿವಾರ ಕುಮಟಾದಲ್ಲಿ ಅಕ್ಕ ತುಂಡುಗಳಿಗೆ ಕನ್ನಡ ಫಾಂಟು ಕೊಟ್ಟು ಒಂದೊಂದಾಗಿ ಓದಿದರು. ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಿದ್ದರು. “ಅದರ ಬಾಲ ಇದಲ್ಲ. ‘ಏಡಿ’ ಅಂತ ಮುಗಿಯೂದು ಒಂದು ಇರ್ಬೇಕು, ಹುಡ್ಕು” ಎನ್ನುವರು. ಹುಡುಕಿದರೆ ಇರುತ್ತಿತ್ತು. ಅಕ್ಕ ದಿನದಿನವೂ ಗುರುತು ಹಾಕಿಟ್ಟಿದ್ದ ಶಬ್ದಗಳ ಎಣಿಕೆಗೆ ಹೋಲಿಸಿ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು. ನೀರಿನ ಭಾಗ ಪೂರ್ತಿ ಬಂದಿದೆ. ಕೆಸರಿನ ಭಾಗ ಬಹುಪಾಲು ಬಂದಿದೆ, ಹೋದ ಸಾಲುಗಳು ಮಾಸ್ತರರಿಗೆ ನೆನಪಿವೆ. ಚಿಪ್ಪಿನ ಭಾಗದ ನಲವತ್ತೊಂದು ಶಬ್ದಗಳು ಎಲ್ಲಿಯೂ ಇಲ್ಲ.

ಮಾಲಕರು ಎಲ್ಲರಿಗೂ ಚಹಾ ತರಿಸಿದರು. “ಕರೆಂಟಿನವರಿಗೆ ಒಂದು ಅರ್ಜಿ ಬರೀಬೇಕು ಮಾಸ್ತರ್ರೆ” ಎಂದರು.

“ಕರೆಂಟು ಕಾರಣ ಅಲ್ಲ” ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. “ಕರೆಂಟು ಹೋಗುವ ಮೊದಲೇ ಕಡತ ಹಾಳಾಗಿತ್ತು. ಡಿಸ್ಕು ತುಂಬಿದ್ದು ನಾನು ಇಟ್ಟ ಅಂಕಿಯಿಂದ. ಅವತ್ತು ರ‍್ಯಾಮ್ ತರಿಸಿ ಹಾಕಬೇಕಿತ್ತು.”

ಮಾಸ್ತರರು ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು.

“ರ‍್ಯಾಮ್ ಹಾಕಿದ್ರೆ ಹೀಗಾಗ್ತಿರಲಿಲ್ವೋ?”

“ಇಲ್ಲ ಮಾಸ್ತರ್ರೆ.”

“ಗೊತ್ತಿತ್ತೋ ನಿಂಗೆ?”

“ನಿಧಾನ ಆಗ್ತದೆ ಅಂತ ಗೊತ್ತಿತ್ತು. ಹೀಗಾಗ್ತದೆ ಅಂತ ಯೋಚ್ನೆ ಮಾಡಲಿಲ್ಲ. ನಿಲ್ಸೂದು ಬೇಡ ಅಂದ್ರಿ, ನನಗೂ ಕೂಡಲೇ ಸರಿ ಮಾಡಿ ತೋರಿಸ್ಬೇಕು ಅಂತ ಆಯ್ತು.”

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಪರವಾಗಿಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. “ಒಂದು ವಾರ ನಿಲ್ಸಬಹುದಿತ್ತು” ಎಂದರು, ನನಗೋ ತಮಗೋ ತಿಳಿಯಲಿಲ್ಲ. ಮಾಲಕರು ಎದ್ದು ಹೊರಗೆ ಹೋದರು. ಅಕ್ಕ ಪರದೆ ನೋಡುತ್ತಿದ್ದರು.

ಬಳಚಿನಮ್ಮ ಮಾತ್ರ ಬೇರೆ ಪ್ರಶ್ನೆ ಕೇಳಿದರು. “ನನ್ನ ಅಕ್ಕಂದು ಎಲ್ಲ ಸಿಕ್ತಾ?”

“ಎಲ್ಲ ಸಿಕ್ಕಿತು ಅಮ್ಮ. ಹೋದದ್ದು ಕಡೇ ಎರಡು ವಾರದಲ್ಲಿ ನೀವು ಹೇಳಿದ್ದು.”

“ಅದೆಂತಕೆ ಹಂಗೆ?”

ಹೇಳಿದೆ. ಆಗಷ್ಟೇ ಮುಟ್ಟಿದ್ದನ್ನು ಯಂತ್ರ ರ‍್ಯಾಮಿನಲ್ಲಿ, ಕೈಗೆ ಹತ್ತಿರದಲ್ಲಿ ಇಟ್ಟುಕೊಳ್ಳುತ್ತದೆ. ಬಹಳ ಹೊತ್ತಿನಿಂದ ಮುಟ್ಟದ ಹಳೆಯ ಪುಟಗಳನ್ನು ಡಿಸ್ಕಿಗೆ ದೂಡುತ್ತದೆ. ಯುಪಿಎಸ್ ಸತ್ತಾಗ ಹತ್ತಿರ ಇದ್ದದ್ದು ಹೋಯಿತು, ದೂರ ದೂಡಿದ್ದು ಉಳಿಯಿತು. ಅವರು ಪೂರ್ತಿ ಕೇಳಿದರು.

“ಹೋದದ್ದು ನಂದೇ ಆದ್ರೆ ಹೆದ್ರೂದು ಎಂತಕೆ? ನನ್ನ ಬಾಯಿ ಇಲ್ಲೇ ಅದೆ” ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಆದ್ರೆ ಈ ಬೆಂಚಿನ ಮೇಲೆ ಕೂತು ಎರಡ್ನೇ ಸಲ ಹೇಳೂಕೆ ನಂಗೆ ಬೇಜಾರು. ಮುಂದಿನ ವಾರದಿಂದ ನೀರು ಚಲೋ ಇಳೀತದೆ, ನಂಗೆ ಕೆಲ್ಸ ಅದೆ. ಹಾಳು ಮಾಡ್ದವ ನೀನು. ನೀನೇ ಬಾ, ಬರ್ಕ.”

ಆ ದಿನ ಹೊನ್ನಾವರಕ್ಕೆ ಮರಳಿ ನನ್ನ ಅಂಗಡಿಯ ಯಂತ್ರದ ರ‍್ಯಾಮ್ ಪಟ್ಟಿ ಕಿತ್ತೆ. ಮರುದಿನ ಅದನ್ನು ಕುಮಟಾದ ಯಂತ್ರಕ್ಕೆ ಹಾಕಿ, ಸ್ವಾಪ್ ಫೈಲಿಗೆ ಮಿತಿ ಇಟ್ಟೆ. ಹುಬ್ಬಳ್ಳಿಯಿಂದ ಹೊಸದು ಬರುವವರೆಗೆ ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಕಂಪ್ಯೂಟರು ಇರಲಿಲ್ಲ. ಶಿರಾಲಿಯ ಪ್ರಿಂಟರನ್ನು ಜೋಡಿಸಿ ಬಂದೆ. ಗಿರಣಿಯವರು ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲಿನ ವಾರ ನಾಲ್ಕು ದಿನ ಅಘನಾಶಿನಿಗೆ ಹೋದೆ. ಇಳಿತದ ಹೊತ್ತಿಗೆ ದಡದಲ್ಲಿ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಸಿಕ್ಕ ಶಬ್ದಗಳ ಪಟ್ಟಿಯಿದ್ದ ನೋಟುಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿ ಅವರ ಹಿಂದೆ ನಡೆಯುವುದು. ಹತ್ತಾರು ಹೆಂಗಸರು ಬಗ್ಗಿ ಕೆಸರಿನಲ್ಲಿ ಕೈಯಾಡಿಸುತ್ತಿದ್ದರು. ನನ್ನನ್ನು ನೋಡಿ ನಗುತ್ತಿದ್ದರು. ಬಳಚಿನಮ್ಮ ಕೈಗೆ ಸಿಕ್ಕ ಚಿಪ್ಪನ್ನು ಎತ್ತಿ ತೋರಿಸಿ ಹೆಸರು ಹೇಳುವರು. ನಾನು ಕಾಗದಕ್ಕೆ ಇಳಿಸುವೆ. ಅವರು ನಿಲ್ಲುತ್ತಿರಲಿಲ್ಲ. ನೀರು ತಿರುಗುವ ಮೊದಲು ಬುಟ್ಟಿ ತುಂಬಬೇಕಿತ್ತು. ತಪ್ಪಿಹೋದದ್ದನ್ನು ಇನ್ನೊಮ್ಮೆ ಕೇಳಿದರೆ, “ಕೆಮಿ ಎಲ್ಲಿ ಇಟ್ಟಿದ್ಯ?” ಎಂದು ನನ್ನ ಕಿವಿಯನ್ನು ಬೈಯುತ್ತಿದ್ದರು.

ನಾಲ್ಕನೆಯ ದಿನ ನಲವತ್ತೊಂದೂ ಮುಗಿಯಿತು. ಸಂತೋಷಕ್ಕೆ ದಡದ ಕಡೆ ಬೇಗ ಬೇಗ ಹೆಜ್ಜೆ ಹಾಕಿದವನ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಎಳೆದಷ್ಟೂ ಒಳಗೆ. ಬುಟ್ಟಿ ಹೊತ್ತು ಮುಂದೆ ಹೋಗಿದ್ದ ಬಳಚಿನಮ್ಮ ತಿರುಗಿ ಬಂದರು.

“ಎಳೀಬೇಡ. ಹೆಬ್ಬೆರಳು ಅಲ್ಲಾಡ್ಸು. ನೀರು ಒಳಗೆ ಹೋಗ್ಲಿ, ಅದೇ ಬಿಡ್ತದೆ.”

ಹೆಬ್ಬೆರಳು ಅಲ್ಲಾಡಿಸಿದೆ. ಕಾಲಿನ ಸುತ್ತ ಗುಳುಗುಳು ಎಂದು ನೀರಿಳಿದು, ಹಿಡಿತ ಸಡಿಲವಾಗಿ, ಕಾಲು ಮೇಲೆ ಬಂತು.

“ಇದಕ್ಕೆ ಬೆರಳ್ಬಿಡುವು ಅಂತೇವೆ” ಎಂದರು.

ನಾನು ಪುಸ್ತಕ ಬಿಚ್ಚಿ ಪಟ್ಟಿ ನೋಡಿದೆ. ಆ ಶಬ್ದ ಕಳೆದುಹೋದ ನಲವತ್ತೊಂದರಲ್ಲಿ ಇರಲಿಲ್ಲ, ಉಳಿದವುಗಳಲ್ಲೂ ಇರಲಿಲ್ಲ.

“ಇದನ್ನು ಮಾಸ್ತರ್ರಿಗೆ ಹೇಳಿದ್ರಾ ಅಮ್ಮ?”

“ಕುಮಟಾದ ಬೆಂಚಿನ ಮೇಲೆ ಯಾರ ಕಾಲು ಹುಗೀತದೆ, ನಂಗೆ ನೆನ್ಪಾಗೂಕೆ?” ಎಂದು ಬುಟ್ಟಿ ಸರಿಮಾಡಿಕೊಂಡು ನಡೆದರು.

ಒದ್ದೆ ಕೈಯಿಂದ ಕಾಗದ ನೆನೆಯದ ಹಾಗೆ ಅಂಗಿಗೆ ಬೆರಳು ಒರೆಸಿಕೊಂಡು, ಪೆನ್ಸಿಲ್ ಒತ್ತಿ, ನಲವತ್ತೆರಡು ಎಂದು ಅಂಕಿ ಹಾಕಿ ಬರೆದೆ.